ಮೊದಲ ಸರದಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಅರವತ್ತು ವರ್ಷ ಇನ್ನೊಬ್ಬರ ಆಳ್ವಿಕೆಯಲ್ಲಿ ತಗ್ಗಿಬಗ್ಗಿ ನಡೆದ ಜನ ಒಂದು ದಿನ ಎದ್ದು ನಿಂತು, ನಾವೇ ಬೇರೆ, ನಮ್ಮ ನಾಡನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರೆ ಅದು ನ್ಯಾಯವೇ? ಅಷ್ಟು ವರ್ಷ ಸುಮ್ಮನಿದ್ದದ್ದು ಒಪ್ಪಿಗೆಯಲ್ಲವೇ?"

ಗುರುಗಳು ನಕ್ಕರು. "ಭಲೇ, ಒಳ್ಳೇ ವಕೀಲನ ಹಾಗೆ ಕೇಳಿದೆ. ಕೂತುಕೋ. ಇದೇ ಮಾತು ಕೇಳಿದ ಅಧಿಕಾರಿಯೊಬ್ಬನ ಕತೆ ಹೇಳುತ್ತೇನೆ," ಎಂದು ಶುರುಮಾಡಿದರು.

ಆಫ್ರಿಕಾದಲ್ಲಿ ಒಂದು ಒಣನಾಡು. ಅಲ್ಲಿ ದನ, ಒಂಟೆ ಮೇಯಿಸಿಕೊಂಡು ಬದುಕುವ ಒಂದು ಜನ. ಅವರಿಗೆ ರಾಜನಿಲ್ಲ, ಕೋಟೆಯಿಲ್ಲ, ಬರೆದಿಟ್ಟ ಕಾನೂನಿಲ್ಲ. ಇದ್ದದ್ದು ಬಾವಿಗಳು. ಬಾವಿ ಎಂದರೆ ನಮ್ಮ ಹಿತ್ತಲ ಬಾವಿಯಲ್ಲ ಮತ್ತೆ! ಏಳೆಂಟು ಆಳು ಬಾವಿಯ ಒಳಗೋಡೆಯ ಮೆಟ್ಟಿಲುಗಳಲ್ಲಿ ಒಬ್ಬರ ಮೇಲೊಬ್ಬರಂತೆ ನಿಂತು, ಚರ್ಮದ ಬಕೆಟ್ಟನ್ನು ಕೈಯಿಂದ ಕೈಗೆ ಎಸೆಯುತ್ತಾ ನೀರೆತ್ತಬೇಕು. ಎಲ್ಲರೂ ಒಂದೇ ಹಾಡು ಹಾಡುತ್ತಾರೆ. ಹಾಡು ತಪ್ಪಿದರೆ ಕೈ ತಪ್ಪುತ್ತದೆ, ಬಕೆಟ್ಟು ಕೆಳಗಿನವನ ತಲೆಯ ಮೇಲೆ ಬೀಳುತ್ತದೆ. ಯಾರ ದನ ಮೊದಲು ಕುಡಿಯಬೇಕು, ಯಾರದು ಆಮೇಲೆ ಎಂದು ಹೇಳುವವನು ಒಬ್ಬ ಹಿರಿಯ. ಅವನನ್ನು ಬಾವಿಯಪ್ಪ ಎಂದು ಕರೆಯುತ್ತಿದ್ದರು.

ಹಲಕೆ ಅಂಥ ಒಬ್ಬ ಬಾವಿಯಪ್ಪ. ಮೆತ್ತಗಿನ ಮನುಷ್ಯ. ಗದರುವುದಕ್ಕೇ ಬರುತ್ತಿರಲಿಲ್ಲ ಅವನಿಗೆ. ತಳ್ಳಾಡುವ ಎತ್ತನ್ನೂ "ಸ್ವಲ್ಪ ತಡಿ ಮಾರಾಯ" ಎಂದು ಬೆನ್ನು ತಟ್ಟಿ ನಿಲ್ಲಿಸುತ್ತಿದ್ದ. ಆದರೂ ಅವನ ಬಾವಿಕಟ್ಟೆಯಲ್ಲಿ ಮೂವತ್ತು ವರ್ಷದಲ್ಲಿ ಒಂದೇ ಒಂದು ಹೊಡೆದಾಟ ನಡೆದಿರಲಿಲ್ಲ. ಅವನ ಸ್ವಂತ ದನಗಳು ಮಾತ್ರ ಬಿಸಿಲಲ್ಲಿ ಕಾದು ಕಾದು, ಎಲ್ಲರದ್ದೂ ಮುಗಿದ ಮೇಲೆ ಕುಡಿಯುತ್ತಿದ್ದವು. ಅವನ ಹೆಂಡತಿ ಬದುಕಿದ್ದ ತನಕ ಈ ವಿಷಯಕ್ಕೆ ಗೊಣಗಿದಳು, ಪಾಪ.

ಆ ನಾಡನ್ನು ಸಮುದ್ರದಾಚೆಯ ಒಂದು ಸರ್ಕಾರ ಅರವತ್ತು ವರ್ಷದಿಂದ ಹಿಡಿದಿಟ್ಟುಕೊಂಡಿತ್ತು. ಅದು ಹುಲ್ಲುಗಾವಲಿಗೆ ಬೇಲಿ ಹಾಕಿತು. ಮಕ್ಕಳು ಶಾಲೆಯಲ್ಲಿ ತಾಯಿಯ ಮಾತು ಆಡಿದರೆ ಬೆತ್ತ ಬೀಸಿತು. ಅದರ ಸಿಪಾಯಿಗಳು ವಾರಕ್ಕೊಮ್ಮೆ ಒಂಟೆಗಳನ್ನು ಹೊಡೆದುಕೊಂಡು ಹಲಕೆಯ ಬಾವಿಗೆ ಬರುತ್ತಿದ್ದರು. ಹಲಕೆ ಅವರಿಗೆ ಮೊದಲ ಸರದಿ ಕೊಡುತ್ತಿದ್ದ. ಅವನ ಅಪ್ಪನೂ ಕೊಡುತ್ತಿದ್ದ.

ಹಲಕೆಗೆ ಒಬ್ಬಳೇ ಮಗಳು, ತಲಾಸೊ. ಪಟ್ಟಣದಲ್ಲಿ ಓದಿ ಬಂದವಳು, ಮೆಣಸಿನಕಾಯಿಯಂಥ ಹುಡುಗಿ. ನಾವು ಬೇರೆ ಜನ, ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಎಂದು ಅರ್ಜಿ ಬರೆದವಳು ಅವಳೇ. ಎರಡು ವರ್ಷ ಬಾವಿಯಿಂದ ಬಾವಿಗೆ ಅಲೆದು, ಕಾಲಲ್ಲಿ ಚಪ್ಪಲಿ ಸವೆಸಿ, ಹತ್ತು ಸಾವಿರ ಹೆಬ್ಬೆಟ್ಟು ಒತ್ತಿಸಿದಳು. ಅರ್ಜಿ ಹಲವು ದೇಶಗಳ ಒಂದು ಸಭೆಗೆ ಮುಟ್ಟಿತು. ವಿಚಾರಣೆ ಮಾಡಲು ಸಭೆ ಮೂವರನ್ನು ಕಳಿಸಿತು. ಇವರು ಬೇರೆ ಜನ ಹೌದು ಎಂದು ಮೂವರೂ ಬರೆದರೆ ಸರ್ಕಾರ ಗಂಟುಮೂಟೆ ಕಟ್ಟಬೇಕು. ಅಲ್ಲ ಎಂದು ಬರೆದರೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿರಲಿಲ್ಲ.

ವಿಚಾರಣೆಗೆ ನಾಲ್ಕು ದಿನ ಇರುವಾಗ ಒಂದು ಸುದ್ದಿ ಬಂತು. ಸರ್ಕಾರದ ಪರ ಸಾಕ್ಷಿ ಬೇರೆ ಯಾರೂ ಅಲ್ಲ, ಹಲಕೆ! ಸಿಪಾಯಿಗಳಿಗೆ ಮೊದಲ ಸರದಿ ಕೊಟ್ಟದ್ದೇ ಒಪ್ಪಿಗೆ ಎಂದು ತೋರಿಸಲು ಅವನನ್ನೇ ಕರೆಸುತ್ತಾರಂತೆ.

ತಲಾಸೊ ಕೆಂಡವಾದಳು. "ಅತಿಥಿ ಸತ್ಕಾರ ಒಂದು ದಿನ ಮಾಡ್ತಾರೆ, ಎರಡು ದಿನ ಮಾಡ್ತಾರೆ. ಅರವತ್ತು ವರ್ಷ ಮಾಡಿದರೆ ಅದಕ್ಕೆ ಗುಲಾಮಗಿರಿ ಅಂತಾರೆ ಅಪ್ಪಾ. ನಿನ್ನ ಒಳ್ಳೇತನದಿಂದಲೇ ನಾವು ನಾಡು ಕಳಕೊಳ್ತೀವಿ."

ಆಮೇಲೆ ಅವಳು ಮಾತು ಬಿಟ್ಟಳು. ಹಾಲು ಕಾಯಿಸಿ ಮುಂದೆ ಇಟ್ಟು ಹೋಗುವಳು, ಮುಖ ನೋಡುತ್ತಿರಲಿಲ್ಲ. ಹಲಕೆ ಆ ಹಾಲನ್ನು ಕರುವಿಗೆ ಕುಡಿಸಿಬಿಡುತ್ತಿದ್ದ. ಅವಳು ಹೇಳಿದ್ದು ನಿಜವಿರಬಹುದೇ ಎಂದು ಯೋಚಿಸಿದ. ಅಪ್ಪ ಮಾಡಿದ್ದನ್ನು ತಾನು ಮಾಡಿದ, ಅಷ್ಟೇ. ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹತ್ತು ಸಾವಿರ ಹೆಬ್ಬೆಟ್ಟಿನ ಮೇಲೆ ತಾನೊಬ್ಬನೇ ಮಣ್ಣು ಹಾಕಿದೆನಲ್ಲ ಎಂದು ಆ ಮುದಿಜೀವ ಕೊರಗಿತು. ಸುಳ್ಳು ಹೇಳಿಬಿಡಲೇ ಎಂದೂ ಒಮ್ಮೆ ಅನ್ನಿಸಿತು. ಆದರೆ ಬಾವಿಯಪ್ಪನಾದವನು ಸರದಿಯ ವಿಷಯದಲ್ಲಿ ಸುಳ್ಳು ಹೇಳಿದರೆ ನಾಳೆ ಅವನ ಮಾತಿಗೆ ಯಾರ ದನ ನಿಲ್ಲುತ್ತದೆ?

ವಿಚಾರಣೆಯ ದಿನ ಶಾಲೆಯ ಹಜಾರದಲ್ಲಿ ಜನವೋ ಜನ. ಸರ್ಕಾರದ ಅಧಿಕಾರಿ ಎದ್ದು ನಿಂತು ಮೂವರಿಗೆ ಕೈಮುಗಿದ. "ಇವರಿಗೆ ಸಿಂಹಾಸನವಿಲ್ಲ, ಬಾವಿಕಟ್ಟೆಯೇ ಇವರ ಸಿಂಹಾಸನ. ಅಲ್ಲಿ ಮೊದಲ ಸರದಿ ಯಾರದು ಎಂದು ಕೇಳಿ. ನಾವು ಕತ್ತಿ ತೋರಿಸಿ ತೆಗೆದುಕೊಂಡದ್ದಲ್ಲ. ಇವರೇ ಕೊಟ್ಟದ್ದು. ನಮ್ಮನ್ನು ಒಡೆಯರೆಂದು ಒಪ್ಪಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?" ಎಂದ. ಆಮೇಲೆ ಹಲಕೆಯ ಕಡೆ ತಿರುಗಿ, "ಕೊಟ್ಟದ್ದು ಹೌದೋ ಅಲ್ಲವೋ?" ಎಂದು ಕೇಳಿದ.

"ಹೌದು. ಕೊಟ್ಟೆ," ಎಂದ ಹಲಕೆ.

ಜನ ಅಯ್ಯೋ ಎಂದರು. ತಲಾಸೊ ಎದ್ದು ಹೊರಟೇಬಿಟ್ಟಳು. ಅಧಿಕಾರಿ ಇನ್ನೇನು ಬೇಕು ಎಂಬಂತೆ ಕೂತ.

ಮೂವರಲ್ಲಿ ಹಿರಿಯಳಾದ ಒಬ್ಬ ಹೆಂಗಸಿದ್ದಳು. ಅವಳು ಕೇಳಿದಳು: "ಅಜ್ಜಾ, ನಿಮ್ಮ ದನ ಕುಡಿಯುವುದು ಯಾವಾಗ?"

"ಎಲ್ಲ ಮುಗಿದ ಮೇಲೆ ತಾಯಿ. ಮೊದಲು ಹೊರಗಿನವರು. ಆಮೇಲೆ ಅಕ್ಕಪಕ್ಕದ ಬಾವಿಯವರು. ಮನೆಯವರು ಕೊನೆಗೆ. ಮನೆಯವರಿಗೆ ಏನವಸರ? ಬಾವಿ ಎಲ್ಲಿಗೆ ಓಡಿಹೋಗುತ್ತೆ?"

"ಮತ್ತೆ ಇವರು?"

ಹಲಕೆ ಅಧಿಕಾರಿಯ ಮುಖ ನೋಡಿದ. ಇದನ್ನೂ ಬಿಡಿಸಿ ಹೇಳಬೇಕೇ ಎಂದು ಅವನಿಗೆ ನಾಚಿಕೆಯಾಯಿತು. "ಇವರು ಹೊರಗಿನವರಲ್ಲವೇ ತಾಯಿ? ನಮ್ಮಪ್ಪನ ಕಾಲಕ್ಕೂ ಹೊರಗಿನವರೇ, ನನ್ನ ಕಾಲಕ್ಕೂ ಹೊರಗಿನವರೇ. ನಮ್ಮವರು ಅಂತ ಅನ್ನಿಸಿದ್ದರೆ ಈ ಅರವತ್ತು ವರ್ಷದಲ್ಲಿ ಒಂದು ದಿನವಾದರೂ ಇವರ ಒಂಟೆಗಳನ್ನು ಹಿಂದೆ ನಿಲ್ಲಿಸುತ್ತಿದ್ದೆವು."

ಗದ್ದಲ ಮಾಡುತ್ತಿದ್ದ ಜನ ಕತ್ತು ಚಾಚಿ ಮುಂದೆ ಬಂದರು. ಬಾಗಿಲ ತನಕ ಹೋಗಿದ್ದ ತಲಾಸೊ ಅಲ್ಲೇ ನಿಂತಳು. ಅಧಿಕಾರಿಯ ಮುಖ ಕಪ್ಪಿಟ್ಟಿತು. ಅದನ್ನು ಕಂಡು ಹಲಕೆಗೆ ಮರುಕ ಬಂತು. ಬಾಯಾರಿ ಬಂದವರನ್ನು ನೋಡಿ ನೋಡಿ ಅವನಿಗೆ ಯಾರ ಮೇಲೂ ಸಿಟ್ಟು ನಿಲ್ಲುತ್ತಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಸ್ವಾಮಿ," ಎಂದ. "ಈಗಲೂ ಏನೂ ಕೆಟ್ಟಿಲ್ಲ. ಇಲ್ಲೇ ಇರುವ ಮನಸ್ಸಿದ್ದರೆ ಇರಿ. ಅಂಗಿ ಬಿಚ್ಚಿ, ಬಾವಿಗಿಳಿದು, ನಮ್ಮ ಜೊತೆ ಹಾಡಿ ನೀರೆತ್ತಿ. ಕೊನೆಗೆ ಕುಡಿಯಿರಿ. ನನ್ನ ಪಕ್ಕದ ಮೆಟ್ಟಿಲಲ್ಲೇ ಜಾಗ ಕೊಡ್ತೀನಿ. ಅದಾಗದು ಅಂದರೆ ಮೊದಲು ಕುಡಿಯಿರಿ, ಹೊಟ್ಟೆತುಂಬ ಕುಡಿಯಿರಿ, ಹೊರಡಿ. ಮೊದಲೂ ಕುಡೀತೀನಿ, ಹೊರಡೋದೂ ಇಲ್ಲ ಅನ್ನೋದಕ್ಕೆ ನಮ್ಮಲ್ಲಿ ಪದ್ಧತಿ ಇಲ್ಲ."

ಅಧಿಕಾರಿ ತನ್ನ ಕಾಗದಗಳನ್ನು ಕಟ್ಟತೊಡಗಿದ. ಆ ಹೆಂಗಸು ತಲೆ ತಗ್ಗಿಸಿ ತುಂಬ ಹೊತ್ತು ಬರೆದಳು.

ಹೊರಗೆ ತಲಾಸೊ ಅಪ್ಪನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ಎಂಥಾ ಮಾತು ಆಡಿಬಿಟ್ಟೆ ಅಪ್ಪಾ ನಾನು. ಹೊಟ್ಟೆಗೆ ಹಾಕ್ಕೋ."

"ಆಡಿದ್ದಕ್ಕೆ ಬೇಜಾರಿಲ್ಲ ಕಣೇ. ನಾಲ್ಕು ದಿನ ಮಾತು ಬಿಟ್ಟೆಯಲ್ಲ, ಅದಕ್ಕೆ ಸೊರಗಿ ಹೋದೆ. ಈಗ ನಡಿ, ದನ ಕಾಯ್ತಾ ಇರ್ತವೆ," ಎಂದು ಹಲಕೆ ಅವಳ ತಲೆ ಸವರಿದ. ಇಬ್ಬರೂ ಬಾವಿಯ ಕಡೆ ನಡೆದರು. ಅವತ್ತು ತಲಾಸೊ ಸೆರಗು ಬಿಗಿದು ತಾನೇ ಬಾವಿಗಿಳಿದಳಂತೆ, ಎಲ್ಲರಿಗಿಂತ ಜೋರಾಗಿ ಹಾಡಿದಳಂತೆ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕೊನೆಗೆ ಏನಾಯಿತು ಗುರುಗಳೇ? ಆ ಮೂವರು ಅವರ ನಾಡನ್ನು ಅವರಿಗೆ ಕೊಟ್ಟರೇ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಅಯ್ಯೋ ಮಗೂ, ಇಷ್ಟೆಲ್ಲ ಕೇಳಿಯೂ, ಅವರದನ್ನು ಅವರಿಗೆ ಕೊಡಿಸುವುದಕ್ಕೆ ನೀನು ಇನ್ನೊಬ್ಬ ಹೊರಗಿನವನನ್ನೇ ಹುಡುಕುತ್ತಿದ್ದೀಯಲ್ಲ!"