ಟೈಪಿಂಗ್ ಮೇಷ್ಟ್ರ ಚುಕ್ಕಿ ಮನುಷ್ಯ

"ಬುದ್ಧಿ, ನನ್ನ ಮಗಳು ನನ್ನ ಮಾತು ಯಾಕೆ ಕೇಳಲ್ಲ?" ಎಂದು ಸೋಮಲಿಂಗಪ್ಪ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದು ಭಕ್ತರೆಲ್ಲ ಚದುರಿದ್ದರು. ಮಠದ ಜಗಲಿಯಲ್ಲಿ ಗುರುಗಳು ಒಬ್ಬರೇ ಕುಳಿತಿದ್ದರು. ಸೋಮಲಿಂಗಪ್ಪ ಪೇಟೆಯಲ್ಲಿ ಪ್ರೆಸ್ ಇಟ್ಟವನು. ಊರಿನ ಮದುವೆಗಳ ಕರೆಯೋಲೆಯೆಲ್ಲ ಅವನಲ್ಲೇ ಅಚ್ಚಾಗುತ್ತಿತ್ತು. ಈಗ ತನ್ನ ಮನೆಯ ಕರೆಯೋಲೆ ಅಚ್ಚು ಹಾಕಿಸುವುದೋ ಬೇಡವೋ ತಿಳಿಯದೆ ಬಂದು ಕುಳಿತಿದ್ದ.

"ಕೇಳಲ್ಲ ಅಂದ್ರೆ? ಎದುರು ಮಾತಾಡ್ತಾಳಾ?"

"ಎದುರು ಮಾತಾಡಿದ್ರೆ ದೇವರಿಗೆ ಕಾಯಿ ಒಡೀತಿದ್ದೆ ಬುದ್ಧಿ. ಮಾತೇ ಇಲ್ಲ. ನೀಲಾಗೆ ಒಂದು ಸಂಬಂಧ ಬಂದೈತೆ. ಹುಡುಗನ ಕಡೆಯೋರು ಸೋಮವಾರಕ್ಕೆ ಉತ್ತರ ಕೇಳವ್ರೆ. ಇಷ್ಟ ಐತಾ ಹೇಳವ್ವಾ, ಇಲ್ಲಾಂದ್ರೆ ಇಲ್ಲ ಅನ್ನು, ನಾನೇನೂ ಬೈಯಲ್ಲ ಅಂತ ಬೆಳಗ್ಗೆ ಎದ್ದು ಕೇಳ್ತೀನಿ, ಊಟಕ್ಕೆ ಕೂತಾಗ ಕೇಳ್ತೀನಿ, ಪ್ರೆಸ್ಸಿಗೆ ಬೀಗ ಹಾಕ್ಕೊಂಡು ಬಂದು ಮತ್ತೆ ಕೇಳ್ತೀನಿ. ತಟ್ಟೆ ನೋಡ್ಕೊಂಡು 'ನೀವು ಹೇಳ್ದಂಗೆ ಅಪ್ಪಾ' ಅಂತಾಳೆ, ಎದ್ದು ಒಳಗೆ ಹೋಗ್ತಾಳೆ. ಅವಳ ಮನಸ್ಸಲ್ಲಿ ಏನೈತೆ ಅಂತ ತಿಳೀದೆ ನಾನು ಹೆಂಗೆ ಹೂಂ ಅನ್ನಲಿ?"

ಗುರುಗಳು ಕೇಳಿದರು: "ಚಿಕ್ಕವಳಿದ್ದಾಗಲೂ ಹೀಗೇನಾ?"

"ಅಯ್ಯೋ, ಆಗ ವಟವಟ ಅಂತಿದ್ಲು! ಸ್ಕೂಲಿಂದ ಸೀದಾ ಪ್ರೆಸ್ಸಿಗೇ ಓಡಿ ಬರೋಳು. ನಾನು ಪ್ರೂಫ್ ನೋಡ್ತಾ ಕೂತಿದ್ರೆ ಪಕ್ಕದಲ್ಲಿ ನಿಂತು ಒಂದೇ ಸಮ ಮಾತು. ಸುಮ್ನಿರೇ, ಸುಮ್ನಿರೇ ಅಂತ ಗದರಿಸೋದೇ ನನಗೊಂದು ಕೆಲಸ ಆಗಿತ್ತು." ಆ ನೆನಪಿಗೆ ಸೋಮಲಿಂಗಪ್ಪನ ಮುಖದಲ್ಲಿ ಸಣ್ಣ ನಗೆ ಬಂತು.

ಗುರುಗಳು ನಗಲಿಲ್ಲ. ಕಾಲು ಮಡಚಿ ಕುಳಿತು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಟೈಪಿಂಗ್ ಮೇಷ್ಟ್ರಿದ್ದರು. ಅವರ ಬೆರಳಿನ ವೇಗಕ್ಕೆ ಸುತ್ತಲಿನ ಊರುಗಳಲ್ಲಿ ಸಾಟಿಯಿರಲಿಲ್ಲ. ಅವರು ಟೈಪ್ ಮಾಡಲು ಕುಳಿತರೆ ದಾರಿಹೋಕರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಹೇಳುವವರ ಬಾಯಿ ಮುಚ್ಚುವ ಮೊದಲೇ ಅರ್ಜಿ ಸಿದ್ಧವಾಗಿರುತ್ತಿತ್ತು. ಮೇಷ್ಟ್ರಿಗೆ ಅದರ ಬಗ್ಗೆ ಜಂಬ ಇರಲಿಲ್ಲವೆಂದರೆ ಸುಳ್ಳಾದೀತು. ಇತ್ತು, ಸಾಕಷ್ಟು ಇತ್ತು.

ಅಷ್ಟರಲ್ಲಿ ಕಾಲ ಬದಲಾಯಿತು. ಇನ್ನು ಮುಂದೆ ಎಲ್ಲ ಕಂಪ್ಯೂಟರೇ ಎಂದು ಜನ ಆಡಿಕೊಳ್ಳತೊಡಗಿದರು. ಅದಕ್ಕೂ ಬೆರಳೇ ತಾನೇ ಬೇಕು ಎಂದುಕೊಂಡು ಮೇಷ್ಟ್ರು ಪಟ್ಟಣಕ್ಕೆ ಹೋಗಿ ಮನೆಯಲ್ಲಿಟ್ಟುಕೊಳ್ಳುವಂಥ ಒಂದು ಪುಟ್ಟ ಕಂಪ್ಯೂಟರ್ ತಂದರು. ಅದು ಈಗಿನವುಗಳ ಹಾಗಲ್ಲ. ಇದ್ದದ್ದೇ ಒಂದು ಕೀಬೋರ್ಡು, ಅದರೊಳಗೇ ಎಲ್ಲ. ಕೀಗಳು ರಬ್ಬರಿನವು, ಒತ್ತಿದರೆ ಹಳೆಯ ಇಡ್ಲಿಯ ಹಾಗೆ ತಗ್ಗುತ್ತಿದ್ದವು. ಒಂದು ತಂತಿ ಟಿವಿಗೆ, ಇನ್ನೊಂದು ತಂತಿ ಟೇಪ್ ರೆಕಾರ್ಡರಿಗೆ. ಜೊತೆಗೆ ಒಂದು ಆಟದ ಕ್ಯಾಸೆಟ್ಟನ್ನೂ ಕೊಟ್ಟಿದ್ದರು. ಹಾಕಿದರೆ ಹಾಡು ಬರುತ್ತಿರಲಿಲ್ಲ, ಜೀರುಂಡೆಗಳ ಹಿಂಡೇ ಒಳಹೊಕ್ಕ ಹಾಗೆ ಕಿರ್ರೆನ್ನುತ್ತಿತ್ತು. ಕಾಫಿ ಕಾಸಿ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತು ಹಾಗೆ ಕಿರುಚಿ, ಆಮೇಲೆ ಟಿವಿಯಲ್ಲಿ ಮೆಲ್ಲಗೆ ಒಂದು ಲೋಕ ಮೂಡುತ್ತಿತ್ತು.

ಕಪ್ಪು ಆಕಾಶ, ನೀಲಿ ನದಿ. ಈ ದಡದಲ್ಲಿ ಚುಕ್ಕಿಗಳಿಂದ ಮಾಡಿದ ಒಬ್ಬ ಪುಟ್ಟ ಮನುಷ್ಯ, ಕೈಯಲ್ಲಿ ದೀಪ. ಕಣ್ಣಿಗೆ ಎರಡು ಚುಕ್ಕಿ. ಬಾಯಿಗೆ ಚುಕ್ಕಿ ಸಾಲಲಿಲ್ಲವೋ ಏನೋ, ಬಾಯಿ ಇರಲಿಲ್ಲ. ನದಿಯ ಉದ್ದಗಲಕ್ಕೆ ಅಲ್ಲೊಂದು ಇಲ್ಲೊಂದು ಕಲ್ಲು. ಆಚೆ ದಡದಲ್ಲಿ ಒಂದು ಮನೆ, ಅದರ ಕಿಟಕಿಯಲ್ಲಿ ಬೆಳಕು. ಕಲ್ಲಿನಿಂದ ಕಲ್ಲಿಗೆ ಹಾರಿಸಿ ಅವನನ್ನು ಮನೆ ಸೇರಿಸಬೇಕು. ಆಟ ಅಂದರೆ ಅಷ್ಟೇ.

ಮೇಷ್ಟ್ರು ಒಂಟಿ ಜೀವ. ಸಂಜೆ ದೀಪ ಹಚ್ಚಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆ ಕಿಟಕಿಯ ಬೆಳಕು ಕಂಡದ್ದೇ ಅವರು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಇವನನ್ನು ಮನೆ ಮುಟ್ಟಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದರು.

ಆಟ ಮಾಡಿದ ಪುಣ್ಯಾತ್ಮ ಕೀಗಳನ್ನು ಇಟ್ಟಿದ್ದ ಚೆಂದ ನೋಡಬೇಕಿತ್ತು. ಎಡಕ್ಕೆ ಹೋಗುವ ಕೀ ಬಲಗೈಯ ಕಡೆ, ಬಲಕ್ಕೆ ಹೋಗುವ ಕೀ ಎಡಗೈಯ ಕಡೆ. ಹಾರುವ ಕೀ ಮೇಲಿನ ಸಾಲಿನ ತುತ್ತತುದಿಯಲ್ಲಿ, ಕಿರುಬೆರಳು ಮುರಿಯುವಷ್ಟು ಚಾಚಿದರೆ ಮಾತ್ರ ಸಿಗುವಂತೆ. ಬೇರೆಯವರಾಗಿದ್ದರೆ ಅಲ್ಲೇ ಕೈ ಮುಗಿದು ಏಳುತ್ತಿದ್ದರು. ಮೇಷ್ಟ್ರು ಒಂದೇ ಮಧ್ಯಾಹ್ನದಲ್ಲಿ ಬೆರಳುಗಳನ್ನು ಪಳಗಿಸಿಕೊಂಡರು. ಕಣ್ಣು ಮುಚ್ಚಿದರೂ ಬೆರಳು ತಪ್ಪುತ್ತಿರಲಿಲ್ಲ.

ಆದರೆ ಚುಕ್ಕಿ ಮನುಷ್ಯ ತಪ್ಪುತ್ತಿದ್ದ. ಬಲಕ್ಕೆ ಎಂದರೆ ಸುಮ್ಮನೆ ನಿಂತಿರುತ್ತಿದ್ದ. ಹಾರು ಎಂದರೆ ಎಡಕ್ಕೆ ತಿರುಗುತ್ತಿದ್ದ. ನಿಲ್ಲಬೇಕಾದ ಕಲ್ಲಿನ ಮೇಲೆ ನಿಲ್ಲದೆ, ಯಾರೋ ಕರೆದ ಹಾಗೆ ಇನ್ನೆರಡು ಹೆಜ್ಜೆ ನಡೆದು ನೀರಿಗೆ ಬೀಳುತ್ತಿದ್ದ. ಬಿದ್ದ ಮೇಲೆ ಮತ್ತೆ ಈ ದಡದಲ್ಲೇ ದೀಪ ಹಿಡಿದು ಹುಟ್ಟುತ್ತಿದ್ದ. ಮೇಷ್ಟ್ರು ಇನ್ನೂ ಬೇಗ ಬೇಗ ಒತ್ತಿದರು. ಅವನು ಇನ್ನೂ ಬೇಗ ಮುಳುಗಿದ. ಆ ಲೋಕದಲ್ಲಿ ಅವಸರ ಯಾರಿಗೂ ಇರಲಿಲ್ಲ. ಕಲ್ಲುಗಳು ಕದಲುತ್ತಿರಲಿಲ್ಲ, ನೀರು ಏರುತ್ತಿರಲಿಲ್ಲ, ಕಿಟಕಿಯ ಬೆಳಕು ಆರುತ್ತಿರಲಿಲ್ಲ. ಅವಸರ ಇದ್ದದ್ದು ಮೇಷ್ಟ್ರ ಬೆರಳಿಗೆ ಮಾತ್ರ.

"ಮೆಷಿನ್ನೇ ಕೆಟ್ಟಿರ್ಬೇಕು ಬುದ್ಧಿ," ಎಂದ ಸೋಮಲಿಂಗಪ್ಪ. ಯಂತ್ರದ ಮಾತು ಬಂದರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ.

"ಮೇಷ್ಟ್ರೂ ಹಾಗೇ ಅಂದುಕೊಂಡರಪ್ಪ," ಎಂದು ಗುರುಗಳು ಮುಂದುವರಿಸಿದರು.

ರೇಡಿಯೋ ರಿಪೇರಿಯವನನ್ನು ಕರೆಸಿ ತೋರಿಸಿದರು. ಅವನು ಬಿಚ್ಚಿ, ಊದಿ, ಮತ್ತೆ ಮುಚ್ಚಿ, ಏನೂ ಆಗಿಲ್ಲ ಎಂದು ಹೇಳಿ ಹೋದ. ಯಂತ್ರದ್ದು ತಪ್ಪಿಲ್ಲವೆಂದ ಮೇಲೆ ತಪ್ಪು ಚುಕ್ಕಿ ಮನುಷ್ಯನದೇ ಆಗಬೇಕಲ್ಲ. ಮೇಷ್ಟ್ರು ಅವನನ್ನು ಬೈಯತೊಡಗಿದರು. ಕಿವುಡ ಎಂದರು, ಮೊಂಡ ಎಂದರು, ಉಪಕಾರ ತಿಳಿಯದವನೆಂದರು. ನಿನ್ನ ಮನೆಗೇ ನಿನ್ನನ್ನು ಸೇರಿಸೋಣವೆಂದರೆ ನಿನಗೇ ಬೇಡವಲ್ಲೋ ಎಂದು ಒಂದು ದಿನ ಅವರಿಗೆ ಅಳುವೇ ಬಂದುಬಿಟ್ಟಿತು. ಸಿಟ್ಟಿನಲ್ಲಿ ಮೂರೂ ಕೀಗಳನ್ನು ಎಡೆಬಿಡದೆ ಕುಟ್ಟಿದರು. ಬೆರಳು ಸೋತ ಮೇಲೆ ತಲೆಯನ್ನು ಮೇಜಿನ ಮೇಲಿಟ್ಟರು.

ಬೇಸಗೆಯ ಮಧ್ಯಾಹ್ನ. ಬಾಗಿಲು ಅರ್ಧ ಮುಚ್ಚಿತ್ತು. ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಮೇಷ್ಟ್ರಿಗೆ ಜೊಂಪು ಹತ್ತಿತು.

ಕನಸಿನಲ್ಲಿ ಅವರು ನದಿಯ ದಡದಲ್ಲಿದ್ದರು. ಕೈಯಲ್ಲಿ ದೀಪವಿತ್ತು. ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ಮನೆಯ ಕಿಟಕಿಯಲ್ಲಿ ಯಾರೋ ಸುಳಿದಾಡಿದಂತೆ ಕಂಡಿತು. ಅಷ್ಟರಲ್ಲಿ ಆಕಾಶದಿಂದ ದಬ್ ಎಂದು ಒಂದು ಅಪ್ಪಣೆ ಬಂತು: ಬಲಕ್ಕೆ. ಅವರು ಸಂತೋಷದಿಂದ ಪಾದ ಎತ್ತಿದರು. ಎತ್ತಿದ ಪಾದ ಇನ್ನೂ ನೆಲ ಮುಟ್ಟಿರಲಿಲ್ಲ, ಮತ್ತೊಂದು ಬಂತು, ಅದರ ಹಿಂದೆ ಮತ್ತೊಂದು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಅಪ್ಪಣೆಗಳು ಬೀಳುತ್ತಲೇ ಹೋದವು. ಮೀರಬೇಕೆಂದು ಅವರಿಗೆ ಅನಿಸಲೇ ಇಲ್ಲ. ಎಲ್ಲವನ್ನೂ ನಡೆಸಿಕೊಡಬೇಕು, ಒಂದನ್ನೂ ಬಿಡಬಾರದು, ಮೇಲಿರುವವರು ತನ್ನನ್ನು ಮೆಚ್ಚಬೇಕು ಎಂಬ ಆಸೆಯೇ ಮೈತುಂಬ ಇತ್ತು. ಒಂದೊಂದನ್ನೂ ಸಾಲಾಗಿ ನೆನಪಿಟ್ಟುಕೊಂಡು, ಬಂದ ಕ್ರಮದಲ್ಲೇ ಮಾಡುತ್ತ ನಡೆದರು. ಮುಂದೆ ನೀರು ಕಂಡಿತು. ತಾಳಿ, ಒಂದು ಗಳಿಗೆ ತಾಳಿ ಎನ್ನೋಣವೆಂದರೆ ದನಿ ಹೊರಡಲಿಲ್ಲ. ಮುಖ ಮುಟ್ಟಿ ನೋಡಿಕೊಂಡರೆ ಅಲ್ಲಿ ಬಾಯಿ ಇರಲಿಲ್ಲ.

ಮೇಷ್ಟ್ರು ಬೆಚ್ಚಿ ಎದ್ದರು. ಕೆನ್ನೆಯ ಮೇಲೆ ಮೇಜಿನ ಗುರುತು ಬಿದ್ದಿತ್ತು. ಕೈಗಳು ತೊಡೆಯ ಮೇಲಿದ್ದವು, ಕೀಬೋರ್ಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಟಿವಿಯಲ್ಲಿ ಚುಕ್ಕಿ ಮನುಷ್ಯ ನಡೆಯುತ್ತಲೇ ಇದ್ದ. ಬಲಕ್ಕೆ ಎರಡು ಹೆಜ್ಜೆ, ಒಂದು ನೆಗೆತ, ಮತ್ತೆ ಎಡಕ್ಕೆ. ಅವಸರವಿಲ್ಲ, ಬೇಸರವಿಲ್ಲ. ಮೇಷ್ಟ್ರ ಬೆರಳುಗಳು ತೊಡೆಯ ಮೇಲೇ ತಾವಾಗಿ ಅಲುಗಿದವು. ಆ ಓಟ ಅವುಗಳಿಗೆ ಗುರುತಿತ್ತು. ನಿದ್ದೆಗೆ ಮೊದಲು ಸಿಟ್ಟಿನಲ್ಲಿ ಕುಟ್ಟಿದ್ದೇ ಅದು.

ಆಗ ಅವರಿಗೆ ಎಲ್ಲ ತಿಳಿಯಿತು. ಆ ಬಡ ಯಂತ್ರಕ್ಕೆ ಅವರ ವೇಗ ಇರಲಿಲ್ಲ. ಒತ್ತಿದ್ದನ್ನೆಲ್ಲ ಒಳಗೆ ಸಾಲಾಗಿ ಕೂಡಿಟ್ಟುಕೊಂಡು, ತನ್ನ ಪಾಡಿಗೆ ಒಂದೊಂದನ್ನೇ ಅವನಿಗೆ ಕೊಡುತ್ತಿತ್ತು. ಅವನು ಒಂದು ದಿನವೂ ಮಾತು ಮೀರಿರಲಿಲ್ಲ. ಮೇಷ್ಟ್ರು ಹೇಳಿ ಮರೆತದ್ದನ್ನು ಅವನು ಮರೆಯದೆ ಮಾಡುತ್ತಿದ್ದ. ನೀರಿಗೆ ಬಿದ್ದು ಮತ್ತೆ ಹುಟ್ಟಿ ಬಂದರೂ ಹಳೆಯ ಸಾಲು ಅವನ ಬೆನ್ನು ಬಿಟ್ಟಿರಲಿಲ್ಲ.

ಮೇಷ್ಟ್ರ ಕೈ ಕೀಬೋರ್ಡಿನತ್ತ ಹೋಯಿತು. ನಿಲ್ಲಪ್ಪಾ, ಅದೆಲ್ಲ ಬಿಟ್ಟುಬಿಡು ಎನ್ನಬೇಕೆನಿಸಿತು. ಆದರೆ ಈಗ ಏನು ಒತ್ತಿದರೂ ಅದು ಆ ಸಾಲಿನ ಕೊನೆಗೇ ಹೋಗಿ ನಿಲ್ಲುತ್ತದೆ. ಕೈ ಹಿಂದೆಗೆದುಕೊಂಡರು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಆ ಬೆರಳುಗಳು ಮಾಡಿರಲಿಲ್ಲ. ಅವನು ಬಿದ್ದ, ಹುಟ್ಟಿದ, ನಡೆದ, ಮತ್ತೆ ಬಿದ್ದ. ಅರ್ಧ ಬಾಗಿಲಿನ ಬಿಸಿಲು ನೆಲದ ಮೇಲೆ ಸರಿದು ಗೋಡೆ ಹತ್ತಿತು. ಮೇಷ್ಟ್ರು ಪ್ರತಿಯೊಂದು ಬೀಳುವಿಕೆಯನ್ನೂ ಕಣ್ಣಾರೆ ನೋಡುತ್ತ ಕುಳಿತರು. ಅವರಿಗೆ ಅವನ ಮೇಲೆ ಮಗುವಿನ ಮೇಲೆ ಬರುವಂಥ ಅಕ್ಕರೆ ಬಂತು.

ಕಡೆಗೊಮ್ಮೆ ಅವನು ನಿಂತ. ಈ ದಡದಲ್ಲಿ, ದೀಪ ಹಿಡಿದು, ಎರಡು ಚುಕ್ಕಿ ಕಣ್ಣಿನಿಂದ ನೋಡುತ್ತ ಸುಮ್ಮನೆ ನಿಂತ.

ಮೇಷ್ಟ್ರು ಒಂದೇ ಒಂದು ಕೀಯನ್ನು ಮೆಲ್ಲಗೆ ಒತ್ತಿ, ಕೈ ತೆಗೆದು, ಕಾದರು.

ಅವನು ಹೆಜ್ಜೆ ಇಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂಗಳದ ಬೇವಿನ ನೆರಳು ಜಗಲಿಯ ಅಂಚಿಗೆ ಬಂದಿತ್ತು. ಸೋಮಲಿಂಗಪ್ಪನಿಗೆ ತಾನೆಲ್ಲಿದ್ದೇನೆಂಬುದು ಗಳಿಗೆ ಹೊತ್ತು ಮರೆತೇ ಹೋಗಿತ್ತು. ಆ ನೀಲಿ ನದಿ ಇನ್ನೂ ಅವನ ಕಣ್ಣೆದುರು ಹರಿಯುತ್ತಿತ್ತು.

"ಮನೆ ಸೇರಿದ್ನಾ ಬುದ್ಧಿ?"

"ಸೇರಿದ. ಮೇಷ್ಟ್ರು ಅಂದುಕೊಂಡದ್ದಕ್ಕಿಂತ ತಡವಾಗಿ."

ಸೋಮಲಿಂಗಪ್ಪ ನಿಟ್ಟುಸಿರು ಬಿಟ್ಟ. ಆಮೇಲೆ ಬಂದ ಕೆಲಸ ನೆನಪಾಯಿತು. "ಅವನೇನೋ ಹೇಳಿದ್ದೆಲ್ಲ ಮಾಡ್ತಿದ್ದ, ಪಾಪ. ನಮ್ಮ ನೀಲಾದು ಹಂಗಲ್ಲ ಬುದ್ಧಿ. ಬಾಯಿ ಬಿಡೇ, ಮಾತಾಡೇ ಅಂತ ಇಷ್ಟು ಗೋಗರೀತೀನಿ, ನನ್ನ ಮಾತು ಕೇಳೋದೇ ಇಲ್ವಲ್ಲ ಅವಳು?"

ಗುರುಗಳು ಅವನ ಕಡೆ ತಿರುಗಿ ಮೆಲುದನಿಯಲ್ಲಿ ಹೇಳಿದರು: "ಕೇಳ್ತಾನೇ ಇದ್ದಾಳೆ ಸೋಮಲಿಂಗಪ್ಪ. ನೀನು ಸುಮ್ಮನಿರು ಅಂದದ್ದನ್ನ ಅವಳಿನ್ನೂ ಮಾಡಿ ಮುಗಿಸಿಲ್ಲ."