ಮಂಜಿನಲ್ಲಿ ಟೊಕ್ಕವ್ವನ ಬಡಿತ

ನಡುವೆ ಹೊಳೆ ಹರಿಯುವ ಒಂದು ಕಾಡಿನಲ್ಲಿ ಜೋಳಿಗಪ್ಪ ಎಂಬ ಹೆಜ್ಜಾರ್ಲೆ ಹಕ್ಕಿ ಇದ್ದ. ಹೊಳೆ ತುಂಬಿದಾಗ ಸಣ್ಣಪುಟ್ಟ ಪ್ರಾಣಿಗಳನ್ನು ಕೊಕ್ಕಿನ ಕೆಳಗಿನ ದೊಡ್ಡ ಚೀಲದಲ್ಲಿ ಕೂರಿಸಿಕೊಂಡು ಆಚೆ ದಡದ ಹುಲ್ಲುಗಾವಲಿಗೆ ಮುಟ್ಟಿಸುತ್ತಿದ್ದ. ಮಂಜು ಕವಿದರೆ ಮಾತ್ರ ಅವನಿಗೆ ನೆಲ ಕಾಣುತ್ತಿರಲಿಲ್ಲ. ಆಗ ಟೊಕ್ಕವ್ವ ಎಂಬ ಮರಕುಟಿಗವೇ ಗತಿ. ಅವಳು ಹುಲ್ಲುಗಾವಲಿನ ಒಣಮರದ ಮೇಲೆ ಕೂತು, ರೆಕ್ಕೆಯ ಸದ್ದು ಆಲಿಸಿ, ಮರ ಬಡಿಯುತ್ತಿದ್ದಳು. ಬಿಟ್ಟು ಬಿಟ್ಟು ಬಡಿದರೆ ಇಳಿಯಬಹುದು. ಬಿಡದೆ ಬಡಿದರೆ ದಾರಿ ತಪ್ಪಿದೆ, ಮೇಲೇರಿ ಮತ್ತೆ ಬರಬೇಕು.

ಹಿಂದಿನ ವಾರ ಅವಳು ಜೋಳಿಗಪ್ಪನನ್ನು ಎರಡೆರಡು ಸಲ ಮೇಲಕ್ಕೆ ಕಳಿಸಿದ್ದಳು. ಚೀಲದಲ್ಲಿದ್ದ ಮೊಲಗಳು ಕಿಸಕ್ಕನೆ ನಕ್ಕಿದ್ದವು. “ನೂರು ಸಲ ಇಳಿದವನಿಗೆ ಇವಳ ಪಾಠ ಬೇರೆ!” ಎಂದು ಅವನು ಮುಖ ಊದಿಸಿಕೊಂಡಿದ್ದ.

ಒಂದು ಬೆಳಗ್ಗೆ ದಟ್ಟ ಮಂಜು. ಚೆನ್ನಕ್ಕ ಎಂಬ ಅಳಿಲು ಮೂರು ಮರಿಗಳೊಂದಿಗೆ ಜೋಳಿಗಪ್ಪನ ಚೀಲ ಹತ್ತಿದಳು. ಸ್ವಲ್ಪ ಹೊತ್ತಿಗೆ ಆಚೆ ದಡದ ಒಣಮರದಲ್ಲಿದ್ದ ಟೊಕ್ಕವ್ವನಿಗೆ ರೆಕ್ಕೆಯ ಸದ್ದು ಕೇಳಿಸಿತು. ಅಯ್ಯೋ, ಸದ್ದು ಹುಲ್ಲುಗಾವಲಿನ ಪಕ್ಕದಲ್ಲಿ ಹಂದಿ ಹೊರಳುವ ಕೆಸರುಹೊಂಡದ ಕಡೆಯಿಂದ, ಅದೂ ತೀರಾ ತಗ್ಗಿನಲ್ಲಿ! ಟಕಟಕಟಕಟಕ! ಕೊಕ್ಕು ಮುರಿಯುವ ಹಾಗೆ ಬಡಿದಳು. ಜೋಳಿಗಪ್ಪ ಮೇಲೇರಲೇ ಇಲ್ಲ.

ಧೊಪ್!

ಚೀಲದಲ್ಲಿದ್ದವರು ಉಳಿದಿದ್ದಾರೋ ಇಲ್ಲವೋ ಎಂದು ಟೊಕ್ಕವ್ವ ಅಳುತ್ತಲೇ ಹಾರಿ ಬಂದಳು. ಹೊಂಡದಲ್ಲಿ ಗೊರಕೆ ಹೊಡೆಯುತ್ತಿದ್ದ ಮುದಿಹಂದಿ ಬೋರಜ್ಜ ಬೆಚ್ಚಿ ಎದ್ದು ಕೂತಿದ್ದ. ಕೆಸರಿನಿಂದ ಮೂರು ಪುಟ್ಟ ಮೂತಿಗಳು ಹೊರಬಂದವು.

“ಅಮ್ಮಾ, ಇನ್ನೊಂದು ಸಲ ಬೀಳೋಣ!”

ಟೊಕ್ಕವ್ವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಜೋಳಿಗಪ್ಪ ಅರಚಿದ: “ಇವಳು ಬಡೀಲೇ ಇಲ್ಲ! ತೂಕಡಿಸ್ತಾ ಕೂತಿದ್ದಳು. ಆ ಒಣಮರದಿಂದ ಇವಳನ್ನ ಓಡಿಸಿ!”

“ಬಡಿದೆ ಕಣಪ್ಪಾ, ಬಡಿದು ಬಡಿದು ಸೋತೆ,” ಎಂದಳು ಟೊಕ್ಕವ್ವ. ನಂಬುವವರಾರು? ಬೋರಜ್ಜ ನಿದ್ದೆಯಲ್ಲಿದ್ದ. ಚೆನ್ನಕ್ಕನಿಗೆ ಚೀಲದೊಳಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಟೊಕ್ಕವ್ವ ತಲೆ ತಗ್ಗಿಸಿದಳು. ಹುಟ್ಟಿದಾಗಿನಿಂದ ಇದ್ದ ಮರ, ಕಣ್ಣೆದುರೇ ಕೈ ತಪ್ಪುತ್ತಿತ್ತು.

“ಆಮೇಲೆ ನೋಡೋಣ, ಮೊದಲು ನಿನ್ನ ಮುಖ ಒರೆಸ್ತೀನಿ ಇರಣ್ಣ,” ಎಂದು ಚೆನ್ನಕ್ಕ ಬಾಲದಿಂದ ಜೋಳಿಗಪ್ಪನ ತಲೆಯ ಕೆಸರು ಒರೆಸಿದಳು. ಗರಿಗಳ ನಡುವೆ ಏನೋ ಮೆತ್ತಗೆ ಸಿಕ್ಕಿತು. ಎಳೆದಳು. ಬಂತು, ಬಂತು, ಇನ್ನೂ ಬಂತು.

“ಇದೇನಣ್ಣಾ, ಕಿವಿ ತುಂಬಾ ಬೂರುಗದ ಹತ್ತಿ!”

ಜೋಳಿಗಪ್ಪನ ಕೊಕ್ಕು ಕೆಳಗಾಯಿತು. ಬೋರಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗೋ ಸಮಾಚಾರ! ಮೊದಲು ಟೊಕ್ಕವ್ವನ ಕ್ಷಮೆ ಕೇಳು. ಆಮೇಲೆ ಹೊಳೆ ನೀರು ಹೊತ್ತು ತಂದು ಎಲ್ಲರಿಗೂ ಸ್ನಾನ ಮಾಡಿಸು.”

ಕ್ಷಮೆ ಕೇಳಿದ ಜೋಳಿಗಪ್ಪ ಮಧ್ಯಾಹ್ನದವರೆಗೂ ಚೀಲ ಚೀಲ ನೀರು ಹೊತ್ತ. ಮರಿಗಳು ಮೈ ತೊಳೆಸಿಕೊಂಡು ಮತ್ತೆ ಕೆಸರಿಗೆ ಹಾರಿದವು, ಅವನು ಮತ್ತೆ ಹೊತ್ತ.

ಮುಂದಿನ ಸಲ ಮಂಜು ಕವಿದಾಗ ಟೊಕ್ಕವ್ವ ಮೂರು ಸಲ ಬಿಡದೆ ಬಡಿದಳು. ಜೋಳಿಗಪ್ಪ ಮೂರು ಸಲವೂ ಮೇಲೇರಿದ. ನಾಲ್ಕನೆಯ ಸಲ ಹಸಿರು ಹುಲ್ಲಿನ ಮೇಲೆ ಮೆಲ್ಲಗೆ ಇಳಿದ. ಚೀಲದಲ್ಲಿದ್ದ ಮೊಲಗಳು ನಕ್ಕವು. ಈ ಸಲ ಅವನೂ ನಕ್ಕ.

ನೀತಿ: ಎಚ್ಚರಿಸುವವರ ಮಾತಿಗೆ ಕಿವಿ ಮುಚ್ಚಿಕೊಂಡು, ಬಿದ್ದ ಮೇಲೆ ಅವರನ್ನೇ ದೂರಬಾರದು.