ಅರವಟ್ಟಿಗೆಯ ಮುಂದಿನ ಸಾಲು

“ಗುರುಗಳೇ, ನಾಳೆ ಊರಿಗೆ ಹೋಗಿ ಅಪ್ಪನ ವ್ಯಾಪಾರಕ್ಕೆ ಕೂರುತ್ತೇನೆ. ವ್ಯಾಪಾರ ಮಾಡುವವನು ಊರಿಗೆ ಏನು ಕೊಡಬೇಕು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಬಣ್ಣಗಾರನಿದ್ದ. ಅವನು ಅದ್ದಿದ ನೀಲಿ ಸೀರೆಗೆ ದೂರದ ಸಂತೆಗಳಲ್ಲೂ ಹೆಸರಿತ್ತು. ಅವನ ಕೈಗಳೂ ಮೊಣಕೈವರೆಗೆ ನೀಲಿ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವನ ತಾಯಿ ಸಾಯುವಾಗ, “ಮಗಾ, ದೇವರು ಕೈತುಂಬ ಕೊಟ್ಟಿದ್ದಾನೆ. ನಮ್ಮ ಸುತ್ತಮುತ್ತ ಯಾರೂ ಬಾಯಾರಿ ಇರದ ಹಾಗೆ ನೋಡಿಕೋ” ಎಂದಿದ್ದಳು.

ಬಣ್ಣಗಾರ ತಾಯಿಯ ಹೆಸರಿನಲ್ಲಿ ಅರವಟ್ಟಿಗೆ ಇಟ್ಟ. ಬೇಸಿಗೆ ಬಂತೆಂದರೆ ದಾರಿಬದಿಯಲ್ಲಿ ಚಪ್ಪರ; ಹಳ್ಳದ ಮೇಲ್ಭಾಗದಿಂದ ಗಾಡಿಯಲ್ಲಿ ತರಿಸಿದ ಸಿಹಿನೀರು, ಮಜ್ಜಿಗೆ, ಕೇಳಿದವರಿಗೆ ಒಂದು ಚೂರು ಬೆಲ್ಲ. ಮೊದಲು ದಾರಿಹೋಕರಷ್ಟೇ ಬಂದರು. ವ್ಯಾಪಾರ ಬೆಳೆದಂತೆ ಸಾಲೂ ಬೆಳೆಯಿತು. ಬಿಂದಿಗೆ ಹೊತ್ತ ಹೆಂಗಸರು ಬರತೊಡಗಿದರು. ಆ ಸಾಲನ್ನು ನೋಡಿದರೆ ಬಣ್ಣಗಾರನಿಗೆ ತಾಯಿಯನ್ನೇ ನೋಡಿದ ಹಾಗಾಗುತ್ತಿತ್ತು. ತಾನೇ ನಿಂತು ನೀರು ಹೊಯ್ಯುತ್ತಿದ್ದ.

ಒಂದು ದಿನ ಒಬ್ಬ ಮುದುಕಿಯ ಬಿಂದಿಗೆ ತುಂಬುತ್ತ, “ಏನಜ್ಜಿ, ನಿಮ್ಮೂರಲ್ಲಿ ನೀರೇ ಇಲ್ಲವೇ?” ಎಂದು ನಗುತ್ತ ಕೇಳಿದ.

“ಇಲ್ಲದೆ ಏನಪ್ಪ, ಹಳ್ಳದ ತುಂಬ ಇದೆ. ಹಳೇ ಸೀರೆ ಅದ್ದಿ ತೆಗೆದರೆ ನೀಲಿ ಹಿಡಿದು ಹೊಸದಾಗುತ್ತದೆ, ಅದೂ ಪುಕ್ಕಟೆ! ಕುಡಿಯುವುದಕ್ಕೆ ಮಾತ್ರ ನಿನ್ನಲ್ಲಿಗೆ ಬರಬೇಕು. ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಿ.”

ಮುದುಕಿಗೆ ಕಣ್ಣು ಮಂಜು. ಆದರೂ ಬಣ್ಣಗಾರ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.

ಅವನು ಸೀರೆ ಅದ್ದುವ ಬಾನಿಗಳಲ್ಲಿ ಬಣ್ಣ ತೀರಿದ ನೀರು ಅದೇ ಹಳ್ಳಕ್ಕೆ ಬಿದ್ದು ಕೆಳಗಿನ ಊರಿಗೆ ಹೋಗುತ್ತಿತ್ತು. ಆ ಕಡೆಯ ದಾರಿ ತುಳಿಯುವ ಕೆಲಸ ಅವನಿಗೆ ಬಿದ್ದಿರಲಿಲ್ಲ. ಹಳ್ಳ ತಿಳಿಯಾದರೆ ಈ ಸಾಲು ಕರಗುತ್ತದೆ, ತಾಯಿಯ ಹೆಸರೆತ್ತಿ ಹರಸುವವರು ಇರುವುದಿಲ್ಲ ಎಂಬುದೂ ಅವನಿಗೆ ತಿಳಿಯಿತು. ಕೆಲವು ದಿನ ಅನ್ನ ಸೇರಲಿಲ್ಲ. ಆಮೇಲೆ, ಬಟ್ಟೆ ಒಣಗಿಸುವ ಬಯಲಿನ ಅರ್ಧವನ್ನು ಅಗೆಸಿ, ಜೇಡಿಮಣ್ಣು ಮೆತ್ತಿಸಿ, ಹೊಂಡ ಮಾಡಿಸಿದ. ಬಾನಿಯ ನೀರು ಅಲ್ಲೇ ನಿಂತು ಬಿಸಿಲಿಗೆ ಆರತೊಡಗಿತು. ಬಯಲು ಕಿರಿದಾಯಿತು, ಅದ್ದುವ ಸೀರೆಗಳೂ ಕಡಿಮೆಯಾದವು. ಮಳೆಗಾಲ ಬಂದು ಹಳ್ಳವನ್ನು ತೊಳೆದು ಹೋಯಿತು.

ಮುಂದಿನ ಬೇಸಿಗೆಯಲ್ಲಿ ಚಪ್ಪರ ಎಂದಿನಂತೆ ಎದ್ದಿತು. ಸಾಲು ಮಾತ್ರ ಇಲ್ಲ. ಆಗೊಬ್ಬ ಈಗೊಬ್ಬ ದಾರಿಹೋಕ. ಬಣ್ಣಗಾರ ತುಂಬಿದ ಗಡಿಗೆಗಳ ಪಕ್ಕದಲ್ಲಿ ಕಾಲು ಚಾಚಿ ಕುಳಿತ. ಉಳಿದ ಮಜ್ಜಿಗೆಯಲ್ಲಿ ಒಂದು ಚೊಂಬು ತಾನೇ ಕುಡಿದು, ಅಲ್ಲೇ ಹಾಯಾಗಿ ನಿದ್ದೆ ಹೋದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಅಷ್ಟು ಚೆನ್ನಾಗಿ ನಡೆದ ಅರವಟ್ಟಿಗೆ ಬರಿದಾಯಿತಲ್ಲ, ಗುರುಗಳೇ! ತಾಯಿಯ ಮಾತು ಏನಾಯಿತು?”

“ತಾಯಿ ಕೇಳಿದ್ದು ಅರವಟ್ಟಿಗೆಯನ್ನಲ್ಲ” ಎಂದರು ಗುರು.